ತೆರೆದಿಡಬೇಕಾದ ನಲ್ಲಿಗಳು

ಝ್ವಾಲೆ,
೨೦ ಜನವರಿ

ಪ್ರೀತಿಯ ತಮ್ಮ ಯೆಲ್ಮರ್‌ಗೆ,

ನಿನ್ನ ಕೆಮ್ಮು ಹೇಗಿದೆ? ಶನಿವಾರ ನಾನು ರೈಲು ಹತ್ತಿದ ಮೇಲೆ ಶುರುವಾಗಿ, ನಿನ್ನನ್ನು ಮನೆಯಲ್ಲೇ ಉಳಿಸಿದ ಕೆಮ್ಮು. ಅಷ್ಟೇ ಬೇಗ ವಾಸಿಯೂ ಆಗಿರಬೇಕು. ನಾನು ಚೆನ್ನಾಗಿದ್ದೇನೆ.

'ಅಕ್ಕಾ, ಅಪ್ಪ ಇಲ್ಲದ ಮೊದಲ ಚಳಿಗಾಲ. ನೀನು ಬಟಾಣಿ ಸೂಪು ಮಾಡ್ಕೊಂಡು ಬಾ, ನಾನು ಅಪ್ಪನ ದೋಣಿಯಲ್ಲಿ ಒಲೆ ಹಚ್ಚಿಟ್ಟಿರ್ತೀನಿ' ಎಂದಿದ್ದೆ ನೀನು. ನಂಬಿದೆ. ಹಿಂದಿನ ದಿನವೇ ಹಂದಿ ಕಾಲು ಹಾಕಿ ಬೇಯಿಸಿ, ನಿನಗೆ ಬೇಕೆಂದು ಕೇಳಿದ್ದೆಯಲ್ಲ, ಅಪ್ಪನ ಆ ನೀಲಿ ಪಾತ್ರೆಯ ಮುಚ್ಚಳಕ್ಕೆ ದಾರ ಬಿಗಿದು, ತೊಡೆಯ ಮೇಲಿಟ್ಟುಕೊಂಡು ಸ್ಟಾವೊರೆನ್‌ವರೆಗೂ ಹೋದೆ. ಬಂದರಿನ ಅಂಚಿನಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ದೋಣಿಯ ಪಕ್ಕ ನೀನಿರಲಿಲ್ಲ. ಉದ್ದ ಕೋಟಿನ ಒಬ್ಬ ಗಂಡಸಿದ್ದ. ಹಲ್ಲಿನ ಡಾಕ್ಟರಂತೆ, ಹೆಸರು ಲಾಮರ್ಸ್. 'ಬೀಗದ ಕೈ ನಿಮ್ಮ ಹತ್ರ ಇದೆ, ಕೊಳ್ಳೋ ಮುಂಚೆ ದೋಣಿ ನೀವೇ ತೋರಿಸ್ತೀರಿ ಅಂದ್ರು ನಿಮ್ಮ ತಮ್ಮ' ಎಂದ. ದೋಣಿ ನಮ್ಮಿಬ್ಬರದು, ಡಿಸೆಂಬರಿನಲ್ಲಿ ನೀನು ಕಳಿಸಿದ ಅದರ ಮಾರಾಟದ ಕಾಗದಕ್ಕೆ ನಾನು ಸಹಿ ಮಾಡಿರಲಿಲ್ಲ. ಸೂಪು ಯಾತಕ್ಕೆಂದು ಆಗ ತಿಳಿಯಿತು. ಬಂದರು ನೋಡಿಕೊಳ್ಳುವ ಔಕೆ ಆಚೆ ದಡದಿಂದ ಕೂಗಿದ: 'ಏನಮ್ಮಾ ಹಿಲ್ಟ್ಯೆ, ಸೂಪಿನ ಜೊತೆ ದೋಣೀನೂ ಬಡಿಸಿಬಿಡ್ತೀಯಾ?'

ಒಳಗೆ ಒಲೆ ತಣ್ಣಗಿತ್ತು. ಲಾಮರ್ಸನೇ ಹಚ್ಚಿದ. ಸೂಪು ಬಿಸಿ ಮಾಡಿ ಅವನಿಗೂ ಒಂದು ಬಟ್ಟಲು ಹಾಕಿದೆ, ಬೇರೆ ಏನು ಮಾಡಬೇಕೆಂದು ತೋಚದೆ. ಅಪ್ಪ ಮಾಡುತ್ತಿದ್ದಂತೆ ಅವನೂ, ಸೂಪು ಸಾಕಷ್ಟು ಗಟ್ಟಿಯಿದೆಯೇ ಎಂದು, ಮೊದಲು ಚಮಚ ನೆಟ್ಟು ನೋಡಿದ. ಅದು ನಿಂತಿತು. 'ನಮ್ಮಜ್ಜಿ ಆಗಿದ್ರೆ ಇನ್ನೊಂದು ಸಾಸೇಜ್ ಹಾಕಿರೋರು' ಎಂದ. ಅವನನ್ನು ದ್ವೇಷಿಸುವುದು ಸುಲಭವಾಗಿತ್ತು. ನಿನ್ನ ಪಾಲಿನ ಬಟ್ಟಲನ್ನೂ ಅವನು ತಿಂದು ಮುಗಿಸುವವರೆಗೆ ಅದನ್ನೇ ಮಾಡುತ್ತಿದ್ದೆ.

ಮಕ್ಕಳಿಗೆ ಅತ್ತೆಯ ಮುತ್ತುಗಳು. ನಿನಗೆ ಕಳಿಸುವಂಥದ್ದು ಹುಡುಕಿದರೂ ಸಿಗಲಿಲ್ಲ.

ನಿನ್ನ ಅಕ್ಕ,
ಹಿಲ್ಟ್ಯೆ

ಮರೆತಿದ್ದೆ: ನವೆಂಬರಿನಲ್ಲಿ ಚಳಿಗಾಲಕ್ಕೆಂದು ದೋಣಿಯ ಪೈಪುಗಳ ನೀರು ಖಾಲಿ ಮಾಡಿದವನು ನೀನು, ನಲ್ಲಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಹೋಗಿದ್ದೆ. 'ತೆರೆದಿಡ್ರೋ, ಒಳಗುಳಿದ ನೀರು ಹೆಪ್ಪುಗಟ್ಟಿದ್ರೆ ಪೈಪು ಒಡೆಯುತ್ತೆ' ಎಂದು ಅಪ್ಪ ನಲವತ್ತು ವರ್ಷ ಹೇಳಿದ. ಬಟ್ಟಲು ಒರೆಸಿಡಲು ಹೋದ ಲಾಮರ್ಸ್, 'ಇದನ್ನ ಯಾರ್ರೀ ಮುಚ್ಚಿದ್ದು?' ಎನ್ನುತ್ತ ಐದನ್ನೂ ಒಂದೊಂದಾಗಿ ತೆರೆದ. ಮಾರುತ್ತಿರುವವನು ಎಂದೆ. ಸಹಿ ಮಾಡಿದ ಕಾಗದ ಇದರೊಳಗಿದೆ. ನೀಲಿ ಪಾತ್ರೆ ದೋಣಿಯ ಒಲೆಯ ಮೇಲಿದೆ, ಅದೂ ಅವನದೇ. ಕೇಳಲು ಹೋಗಬೇಡ.