ಅಪ್ಪನ ಮಣ್ಣು ಈ ಶನಿವಾರವೇ ಆಗಲಿ

ಕಾಲೇಜು ಹಾಸ್ಟೆಲ್, ಕುಮಾಸಿ

ದೊಡ್ಡಪ್ಪ,

ಹೀಗೆ ಪತ್ರ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಅಪ್ಪನ ದೇಹ ನಿಮ್ಮ ಕುಲದವರದು, ನಾವು ಮಕ್ಕಳು ಅಮ್ಮನ ಕುಲಕ್ಕೆ ಸೇರಿದವರು, ಮಣ್ಣು ಮಾಡುವ ದಿನದ ವಿಷಯದಲ್ಲಿ ಬಾಯಿ ಹಾಕಬಾರದೆಂದು ಬಲ್ಲೆ. ಫೋನ್ ಮಾಡಿದರೆ ಮನೆಮಂದಿಯೆಲ್ಲ ಕೇಳಿಸಿಕೊಳ್ಳುತ್ತಾರೆ, ಅದಕ್ಕೇ ಊರಿಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನನ್ನನ್ನು ಫ್ರಿಜ್ ರಿಪೇರಿ ಕೋರ್ಸಿಗೆ ಸೇರಿಸಿದವರು ಅಪ್ಪನೇ. "ಈ ಸೆಖೆಯ ಊರಲ್ಲಿ ನಿಂಗೆ ಕೆಲಸ ತಪ್ಪಲ್ಲ ಬಿಡು" ಎಂದಿದ್ದರು. ನಿನ್ನೆ ಮೊದಲ ಪ್ರ್ಯಾಕ್ಟಿಕಲ್. ನಮ್ಮನ್ನು ಕರೆದೊಯ್ದಿದ್ದು ನೀವು ಅಪ್ಪನನ್ನು ಇಟ್ಟಿರುವ ಆಸ್ಪತ್ರೆಯ ಶವಾಗಾರಕ್ಕೇ. ಅಲ್ಲಿನ ತಂಪು ಯಂತ್ರ ಕೆಟ್ಟಿತ್ತು. ಅಪ್ಪ ಒಳಗಿದ್ದಾರೆಂದು ನಾನು ಯಾರಿಗೂ ಹೇಳಲಿಲ್ಲ.

ಪೈಪು ಹಿಡಿದು ಬಾಗಿಲಲ್ಲೇ ನಿಂತ ನನ್ನನ್ನು ನೋಡಿ ಮೇಷ್ಟ್ರು, "ಯಾಕಮ್ಮ ಕೊನಾಡು, ಅಲ್ಲೇ ನಿಂತೆ? ಇಲ್ಲಿರೋ ಗಿರಾಕಿಗಳು ಯಾರೂ ಕಂಪ್ಲೇಂಟ್ ಕೊಡಲ್ಲ ಕಣಮ್ಮ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಗ್ಯಾಸ್ ಸೋರುತ್ತಿದ್ದಲ್ಲಿ ಬೆಸುಗೆ ಹಾಕಿದೆವು. ನನ್ನ ಬೆಸುಗೆ ಚೆನ್ನಾಗಿದೆಯಂತೆ. ಆದರೆ ಕಂಪ್ರೆಸರ್ ತೀರಾ ಹಳತು, ನೀವು ಮಣ್ಣಿಗೆ ಕಾಯುತ್ತಿರುವ ಈಸ್ಟರ್‌ವರೆಗೆ, ಲಂಡನ್ ಅತ್ತೆ ಬರುವವರೆಗೆ, ಅದು ತಡೆಯುವುದಿಲ್ಲ. ಒಳಗೆ ಈಗಲೇ ತಂಪು ಸಾಲದು. ನಾನು ಮೀಟರ್ ಮಾತ್ರ ನೋಡಿದೆ, ಬೇರೆ ಕಡೆ ತಿರುಗಲಿಲ್ಲ.

ದಯವಿಟ್ಟು ಅಪ್ಪನನ್ನು ಈ ಶನಿವಾರವೇ ಮಣ್ಣು ಮಾಡಿಸಿ. ಡೋಲು, ಊಟ, ನೆಂಟರಿಷ್ಟರು ಎಲ್ಲ ಅತ್ತೆ ಬಂದಾಗಲೇ ಆಗಲಿ. ಯಂತ್ರದ ವಿಷಯ ಅಮ್ಮನಿಗೆ ಹೇಳಬೇಡಿ.

ಡ್ರೈವರ್ ನಾಳೆ ಬೆಳಿಗ್ಗೆ ಅಲ್ಲಿಂದ ವಾಪಸ್ ಹೊರಡುತ್ತಾನೆ. ಆಗುತ್ತದೆ ಅಥವಾ ಆಗುವುದಿಲ್ಲ, ಅಷ್ಟನ್ನು ಬರೆದು ಬೇಗ ಅವನ ಕೈಯಲ್ಲಿ ಕಳಿಸಿ.

ನಿಮ್ಮ ತಮ್ಮನ ಮಗಳು,
ಅಫಿಯಾ ಕೊನಾಡು