ಒಂದೂ ಸುಳ್ಳಿಲ್ಲದ ಕರಪತ್ರ

ಫೆಬ್ರವರಿ 3, ಬೆಳಿಗ್ಗೆ

ನಲವತ್ತೊಂದು ಅಸೈನ್‌ಮೆಂಟ್ ತಿದ್ದಿ ಮುಗಿಯಿತು. ವಿಷಯ ನಾನೇ ಕೊಟ್ಟದ್ದು — ಕಲ್ಪಿತ ಅಭ್ಯರ್ಥಿಯೊಬ್ಬರ ವಿರುದ್ಧ ಕರಪತ್ರ. ಒಂದೊಂದು ವಾಕ್ಯವೂ ನಿಜವಿರಬೇಕು, ಒಟ್ಟಿಗೆ ಓದಿದರೆ ಸುಳ್ಳಾಗಬೇಕು. ಬರೆಯಲು ಬಂದರೆ ತಾನೇ ಇಂಥದ್ದನ್ನು ಕಂಡಾಗ ಗುರುತು ಹಿಡಿಯುವುದು? ಮುಕ್ಕಾಲುಪಾಲು ಜನ ಬರೀ ಬೈಗುಳ ಬರೆದು ತಂದಿದ್ದಾರೆ. ಬೈಯುವುದಕ್ಕೆ ಪತ್ರಿಕೋದ್ಯಮದ ಎಂ.ಎ. ಬೇಕೇ? ಮೊದಲ ಬೆಂಚಿನ ಹುಡುಗಿಗೆ — ನಾನಿಟ್ಟ ಹೆಸರು ವಾಚಾಳಿ — ಹತ್ತಕ್ಕೆ ಹತ್ತು.

ಫೆಬ್ರವರಿ 19

ಮೈ ಉರಿಯುತ್ತಿದೆ. ಕ್ಲಾಸ್ ಮುಗಿಸಿ ಬರುತ್ತಿದ್ದೆ. ವಾಚಾಳಿ ಓಡಿ ಬಂದಳು, ಕೈಯಲ್ಲಿ ಹಳದಿ ಕರಪತ್ರ.

"ಮೇಡಂ, ನೋಡಿ! ನನ್ನ ಅಸೈನ್‌ಮೆಂಟು! ಪ್ರಿಂಟ್ ಆಗಿದೆ!"

ಇಂಟರ್ನ್‌ಶಿಪ್‌ಗೆ ಹೋದ ಪ್ರಚಾರ ಕಚೇರಿಯಲ್ಲಿ ಕೊಟ್ಟಿದ್ದಾಳೆ. ಎಂಟು ಸಾವಿರ ಪ್ರತಿ. ಅಭ್ಯರ್ಥಿ ಕಲ್ಪಿತವೇ ಅಲ್ಲ. ಇವಳ ಬೀದಿಯ ನಿವೃತ್ತ ನರ್ಸ್, ಈ ಸಲ ನಗರಸಭೆಗೆ ನಿಂತಿದ್ದಾರೆ. ದಪ್ಪಕ್ಷರದಲ್ಲಿ — "ಇವರ ಕೈಕೆಳಗೆ ಅರವತ್ತು ಮಕ್ಕಳು ಸತ್ತಿವೆ. ಒಂದಕ್ಕೂ ವಿಚಾರಣೆ ನಡೆಯಲಿಲ್ಲ."

"ಪರಿಚಯದೋರು ಅಂತ ಗೊತ್ತಿದ್ದೂ ಕೊಟ್ಯಾ?"

"ಒಂದೂ ಸುಳ್ಳಿಲ್ವಲ್ಲ ಮೇಡಂ. ನೀವೇ ಹೇಳ್ಕೊಟ್ಟಿದ್ದು."

ಕಪಾಳಕ್ಕೆ ಬಿಡಬೇಕೆನಿಸಿತು. ಕಾರಿಡಾರಿನಲ್ಲೇ, ಎಲ್ಲರೆದುರು ಕೂಗಾಡಿದೆ. ಅತ್ತುಕೊಂಡು ಹೋದಳು. ಅಳಲಿ.

ಫೆಬ್ರವರಿ 20

ನರ್ಸಮ್ಮನ ಗೇಟಿಗೆ ಯಾರೋ ಮಸಿ ಬಳಿದಿದ್ದಾರಂತೆ. ಮನೆಯವರು ಪೇಪರ್ ಓದಿ ಹೇಳಿದರು. "ನಿಮ್ಮ ಡಿಪಾರ್ಟ್‌ಮೆಂಟಿಗೂ ಇದಕ್ಕೂ ಏನಾದ್ರೂ..." ಸುಮ್ಮನಿರ್ತೀರಾ ಎಂದು ರೇಗಿದೆ. ಪಾಪ, ಅವರೇನು ಮಾಡಿದ್ದರು.

ಫೆಬ್ರವರಿ 27, ಮಧ್ಯಾಹ್ನ

ನಿನ್ನೆ ಫಲಿತಾಂಶ. ನರ್ಸಮ್ಮ ಸೋತರು. ಇವತ್ತು ನೇರ ಸ್ಟಾಫ್ ರೂಮಿಗೇ ಬಂದರು. ಸೋತ ಮಾತೇ ಎತ್ತಲಿಲ್ಲ. ಕುಳಿತು, ಕನ್ನಡಕ ಹಾಕಿಕೊಂಡು, ಕರಪತ್ರ ಬಿಡಿಸಿಟ್ಟರು.

"ಇದ್ರಲ್ಲಿ ಸುಳ್ಳು ಯಾವ್ದು ತೋರ್ಸಮ್ಮಾ ಅಂತಾರೆ ಬೀದಿಯೋರೆಲ್ಲ. ನಂಗೆ ತೋರ್ಸೋಕಾಗ್ತಿಲ್ಲ. ಮಕ್ಕಳು ಹೋಗಿದ್ದು ನಿಜ. ನಾನೇ ಬಟ್ಟೆ ಸುತ್ತಿ ಕೊಟ್ಟಿದ್ದೀನಿ. ಅರವತ್ತು ಮುಖಾನೂ ನೆನಪಿದೆ ಅಂತ ನಿಮ್ಮ ಕ್ಲಾಸಿನ ಆ ಹುಡುಗಿಗೆ ಹೇಳ್ದೋಳೂ ನಾನೇ. ನೀವು ಪಾಠ ಮಾಡೋರಲ್ವಾ... ತೋರ್ಸಿ. ಹೋಗಿ ಹೇಳ್ತೀನಿ."

ದಿನಕ್ಕೆ ಮೂರು ಕ್ಲಾಸ್ ತೆಗೆದುಕೊಳ್ಳುವವಳು ನಾನು. ನೋಡಿ ಹೇಳುತ್ತೇನೆ ಎಂದೆ. ಹೇಡಿ.

ಅದೇ ದಿನ, ಐದು ಗಂಟೆ

ಬೀರು ತೆಗೆದು, ಕ್ಲಾಸಿನಲ್ಲಿ ತೋರಿಸಿ ವಾಪಸ್ ಪಡೆದಿದ್ದ ಆ ಅಸೈನ್‌ಮೆಂಟ್ ಹಾಳೆ ಹುಡುಕಿದೆ. ವಾಚಾಳಿ ಬರೆದದ್ದು — "ಉಳಿಯುವುದೇ ಕಷ್ಟವೆನ್ನುವ ಶಿಶುಗಳ ವಾರ್ಡಿನಲ್ಲಿ, ಮೂವತ್ತೆರಡು ವರ್ಷಗಳ ಸೇವೆಯಲ್ಲಿ, ಇವರ ಕೈಕೆಳಗೆ ಅರವತ್ತು ಮಕ್ಕಳು ಸತ್ತಿವೆ." ಮೊದಲರ್ಧದ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ನನ್ನ ಕೈಬರಹ — "ಏಟಿನ ಬಿಸಿ ಇಳಿಯುತ್ತದೆ. ತೆಗೆದುಬಿಡು. ಭೇಷ್!"

ಭೇಷ್ ಅಂತೆ! ಹುಡುಗಿ ಅಷ್ಟು ಉಳಿಸಿಕೊಂಡಿದ್ದಳು. ಹೊಡೆದುಹಾಕಿದವಳು ನಾನು. ಆಮೇಲೆ ಅವಳನ್ನೇ ನಿಲ್ಲಿಸಿಕೊಂಡು ಬೈದೆ. ನಾಚಿಕೆಯಾಗಬೇಕು ನನಗೆ.

ಮಾರ್ಚ್ 5

ಕರಪತ್ರದ ಬಗ್ಗೆ ವಿಚಾರಣಾ ಸಮಿತಿ ಮಾಡಿದ್ದಾರೆ. ವಾಚಾಳಿಯನ್ನು ಕೋರ್ಸಿನಿಂದ ತೆಗೆಯುವುದು ಹೆಚ್ಚುಕಡಿಮೆ ಖಾತ್ರಿ. ಹೆಡ್ ಕರೆಸಿದರು. ಹಾಳೆ, ಕೆಂಪು ಗೆರೆ ಎಲ್ಲ ಹೇಳಿದೆ. ಇಂಟರ್ನ್‌ಶಿಪ್ ಪತ್ರಕ್ಕೆ ಸಹಿ ಹಾಕಿದ ಮಹಾನುಭಾವರು ಅವರೇ.

"ಆ ಹಾಳೆ ಎಲ್ಲೋ ಮಿಸ್ ಆಗಿದೆ ಅಂದ್ಬಿಡಿ. ನಿಮ್ಮ ಕೆಲಸಾನೂ ಉಳಿಯುತ್ತೆ, ಡಿಪಾರ್ಟ್‌ಮೆಂಟ್ ಮಾನಾನೂ ಉಳಿಯುತ್ತೆ."

"ಹುಡುಗಿ?"

"ಚಿಕ್ಕ ವಯಸ್ಸು. ಇನ್ನೆಲ್ಲೋ ಸೇರ್ಕೋತಾಳೆ ಬಿಡಿ."

ಮುಖಕ್ಕೆ ಹೇಳಬೇಕಿತ್ತು. ನೋಡೋಣ ಎಂದು ಎದ್ದು ಬಂದೆ. ಗೆರೆಯ ವಿಷಯ ವಾಚಾಳಿ ಇನ್ನೂ ಬಾಯಿ ಬಿಟ್ಟಿಲ್ಲವಂತೆ. ಅದೇ ಹೊಟ್ಟೆ ಉರಿಸುತ್ತಿದೆ. ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರ್ಚ್ 9, 10.40

ಸಮಿತಿ ಕೋಣೆಯ ಹೊರಗಿನ ಬೆಂಚು. ವಾಚಾಳಿ ಒಳಗಿದ್ದಾಳೆ. ನನ್ನ ಪಕ್ಕ ನರ್ಸಮ್ಮ, ಅವರನ್ನೂ ಕರೆಸಿದ್ದಾರೆ. ಹೆಡ್ ಎರಡು ಸಲ ಹೊರಬಂದು ನನ್ನ ಬ್ಯಾಗು ನೋಡಿ ಹೋದರು. ನೋಡಲಿ.

"ಸಿಕ್ತಾ ಮೇಡಂ, ಸುಳ್ಳು ಎಲ್ಲಿದೆ ಅಂತ?"

ಹಾಳೆ ತೆಗೆದು ಕೊಟ್ಟೆ. "ಆ ಕೆಂಪು ಗೆರೆ ನಂದು," ಎಂದೆ.

ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಓದುತ್ತಿದ್ದಾರೆ. ಅವರ ಮುಖ ನೋಡುವ ಧೈರ್ಯವಿಲ್ಲ, ಅದಕ್ಕೇ ಇದನ್ನು ಗೀಚುತ್ತಿದ್ದೇನೆ. ಬೆರಳು ಮೂವತ್ತೆರಡು ವರ್ಷದ ಮೇಲೆ ನಿಂತಿದೆ. ಒಳಗಿಂದ ನನ್ನನ್ನು ಕರೆದರು. ಹಾಳೆ ಕೇಳಿದೆ. ಬಿಡುತ್ತಿಲ್ಲ. ನನ್ನ ಪೆನ್ನಿಗೆ ಕೈ ಚಾಚಿದ್ದಾರೆ — "ಅದನ್ನ ಇತ್ಲಾಗೆ ಕೊಡಿ, ಹೊಡೆದಾಕಿದ್ದನ್ನ ನಾನೇ ಬರೀತೀನಿ," ಅಂ—