ಹೊನ್ನಮ್ಮನವರ ಗಂಡ

ಹ್ಯಾವ್ಲಾಕ್ ದ್ವೀಪ, ಅಂಡಮಾನ್
19-2-2003, ಬುಧವಾರ

ಪ್ರೀತಿಯ ಚಂದ್ರಯ್ಯ,

ನಿನ್ನ ಗೆಳೆಯ ಕೃಷ್ಣಪ್ಪ ಸಮುದ್ರದ ಆಚೆಯಿಂದ ಮಾಡುವ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ, ಸುಬ್ಬಮ್ಮನವರು ಹೇಗಿದ್ದಾರೆ ಅಂತ ಕೇಳುವುದಕ್ಕೂ ನಾಚಿಕೆ. ಸಂಕ್ರಾಂತಿಗೆ ನೀನು ಬರೆದ ಕಾಗದಕ್ಕೆ ಇನ್ನೂ ಉತ್ತರ ಹಾಕಿಲ್ಲ. ಹೊಳೆನರಸೀಪುರದ ಅಂಚೆ ಕಚೇರಿಯಲ್ಲಿ ಕೂತು ಊರವರ ಕಾಗದವನ್ನೆಲ್ಲ ವಿಂಗಡಿಸುವವನಿಗೆ ತನ್ನ ಹೆಸರಿನದು ಒಂದೂ ಸಿಗದಿದ್ದರೆ ಬೇಜಾರಾಗದೆ ಇರುತ್ತದೆಯೆ? ತಡವಾಗಿ ಬಂದ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸುವ ಹೆಡ್‌ಮೇಷ್ಟ್ರು ನಾನು. ಈ ಸಲ ನಾನೇ ಬಾಗಿಲಲ್ಲಿ ನಿಂತಿದ್ದೇನೆ, ಒಳಗೆ ಕರೆದುಕೊ.

ಸುದ್ದಿ ಏನೆಂದರೆ, ನೀನು ತಂಗಿ ಅಂತ ಕರೆಯುವ ನನ್ನ ಹೊನ್ನಿ ನನ್ನನ್ನು ವಿಮಾನದಲ್ಲಿ ಕೂರಿಸಿ ಇಲ್ಲಿಗೆ ಕರೆದುಕೊಂಡು ಬಂದಿದ್ದಾಳೆ. ಓದಿದ್ದು ಸರಿಯಾಗಿದೆ, ಕನ್ನಡಕ ಒರೆಸಿಕೊಳ್ಳಬೇಡ. ನಾನು ಅವಳನ್ನು ಕರೆತಂದದ್ದಲ್ಲ. ಹೊಲಿಗೆ ಮಿಷನ್ ಕಂಪನಿಯವರು ದಕ್ಷಿಣ ಭಾರತಕ್ಕೆಲ್ಲ ಹನ್ನೆರಡು ಜನರನ್ನು ಆರಿಸಿ, ಅವರವರ ಜೋಡಿಯ ಸಮೇತ ಒಂದು ವಾರದ ಮಟ್ಟಿಗೆ ಈ ದ್ವೀಪಕ್ಕೆ ಕಳಿಸಿದ್ದಾರೆ. ಕರ್ನಾಟಕದಿಂದ ಇವಳೊಬ್ಬಳೇ. ಚನ್ನರಾಯಪಟ್ಟಣದಂಥ ಒಂದು ತಾಲ್ಲೂಕಿನಲ್ಲಿ ಇಷ್ಟು ಮಿಷನ್ನು ಹೇಗೆ ಹೋದವು ಅಂತ ಅವರಿಗೇ ಆಶ್ಚರ್ಯವಂತೆ. ಇವಳು ಮಿಷನ್ನು ಮಾರುವವಳಲ್ಲ, ಹುಡುಗಿಯರಿಗೆ ಹೊಲಿಗೆ ಕಲಿಸುವವಳು. ಕಲಿತವಳು ಮನೆಗೆ ಹೋಗಿ ನನಗೊಂದು ಮಿಷನ್ನು ಬೇಕೇ ಬೇಕು ಅಂತ ಹಟ ಹಿಡಿಯುತ್ತಾಳೆ, ಅಷ್ಟೆ. ನುಗ್ಗೇಹಳ್ಳಿಯಿಂದ ಜಿನನಾಥಪುರದವರೆಗೆ ಯಾವ ಬೀದಿಗೆ ಹೋದರೂ ಹೊನ್ನಕ್ಕನ ಕ್ಲಾಸಿನಲ್ಲಿ ಕಲಿತೆ ಅನ್ನುವ ಒಂದು ಹೆಣ್ಣುಮಗಳು ಸಿಕ್ಕೇ ಸಿಗುತ್ತಾಳೆ. ನಾನು ಇಷ್ಟು ವರ್ಷ ಪಾಠ ಹೇಳಿದ್ದೇನೆ, ಕೃಷ್ಣಪ್ಪ ಮೇಷ್ಟ್ರ ಶಿಷ್ಯ ಅಂತ ಬೀದಿಯಲ್ಲಿ ತಡೆದು ಹೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ನಮಗೆಲ್ಲ ಕೊರಳಿಗೆ ಹಾಕಿಕೊಳ್ಳಲು ಒಂದೊಂದು ಕಾರ್ಡು ಕೊಟ್ಟಿದ್ದಾರೆ. ಅವಳದರಲ್ಲಿ ದಪ್ಪಕ್ಷರದಲ್ಲಿ ‘ಮಿಸೆಸ್ ಹೊನ್ನಮ್ಮ, ಚನ್ನರಾಯಪಟ್ಟಣ’ ಅಂತಿದೆ. ನನ್ನದರಲ್ಲಿ ನನ್ನ ಹೆಸರೇ ಇಲ್ಲ ಮಾರಾಯ, ‘ಹಸ್ಬೆಂಡ್ ಆಫ್ ಮಿಸೆಸ್ ಹೊನ್ನಮ್ಮ’ ಅಷ್ಟೆ. ಅವಳಿಗೆ ಸಂಕೋಚ. “ತೆಗ್ದು ಜೇಬಿಗೆ ಆಕ್ಕೊಳ್ರೀ, ಯಾರಾದ್ರೂ ನೋಡಿದ್ರೆ ನಗ್ತಾರೆ” ಅಂದಳು. ನಾನು ತೆಗೆಯಲಿಲ್ಲ. ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಅದು ನನ್ನ ಕೊರಳಲ್ಲೇ ಇದೆ, ಈಗ ಬರೆಯುವಾಗಲೂ ಇದೆ.

ಬರುವಾಗ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಅವಳಿಗೇ ಬಂದಿತ್ತು. ಎದ್ದು ನನ್ನನ್ನು ಅಲ್ಲಿ ಕೂರಿಸಿದಳು. “ನೀವು ಮೇಷ್ಟ್ರು, ಕೆಳಗೆ ಕಾಣೋದೇನು ಅಂತ ನಿಮ್ಗೆ ಗೊತ್ತಾಯ್ತದೆ, ನೋಡಿ ನಂಗೆ ಯೋಳಿ” ಅಂದಳು. ಮೋಡ ಬಿಟ್ಟರೆ ನನಗೆ ಏನೂ ಕಾಣಲಿಲ್ಲ. ಆದರೂ ಬಂಗಾಳ ಕೊಲ್ಲಿಯ ಮೇಲೆ ಒಂದು ಪಾಠ ಮಾಡಿಬಿಟ್ಟೆ.

ಈ ಜಾಗದ ವಿಷಯ ಏನು ಹೇಳಲಿ. ನೀರು ದಡದ ಹತ್ತಿರ ಹಸಿರು, ಆಚೆಗೆ ನೀಲಿ. ಮರಳು ಜರಡಿ ಹಿಡಿದ ರವೆಯ ಹಾಗಿದೆ. ಹೊನ್ನಿ ಮೊದಲು ನೋಡಿದ್ದು ಮಾತ್ರ ತೆಂಗಿನ ಮರ. ಒಂದು ಕಾಯಿ ಕೈಗೆ ತೆಗೆದುಕೊಂಡು ಹೊರಳಿಸಿ ಹೊರಳಿಸಿ ನೋಡಿ, “ಒಂದ್ಕೂ ನುಸಿ ಇಲ್ಲ ಕಣ್ರೀ!” ಅಂತ ಕಣ್ಣರಳಿಸಿದಳು. ನಮ್ಮ ಕಡೆ ನಾಲ್ಕು ವರ್ಷದಿಂದ ಆ ನುಸಿ ಕಾಯಿಗಳನ್ನೆಲ್ಲ ಸೊಟ್ಟ ಮಾಡಿಟ್ಟಿದೆಯಲ್ಲ. ಬೆಳಿಗ್ಗೆ ಹೋಟೆಲಿನವರು ಕೊಡುವ ಬ್ರೆಡ್ಡು ಮುಟ್ಟುವುದಿಲ್ಲ. ಮನೆಯಿಂದ ತಂದ ಹುರಿಹಿಟ್ಟಿಗೆ ಬೆಲ್ಲ, ಮೊಸರು ಕಲೆಸಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿನ್ನುತ್ತೇವೆ. ಮೊನ್ನೆಯಿಂದ ವಿಜಯವಾಡದ ಒಬ್ಬ ಹೆಂಗಸೂ ಬಟ್ಟಲು ಹಿಡಿದು ಬಂದು ಕೂರುತ್ತಿದ್ದಾಳೆ.

ಸೂಜಿ ದಾರವನ್ನೂ ತಂದಿದ್ದಾಳೆ. ನಮ್ಮ ಕೋಣೆಯ ಪರದೆಯ ಅಂಚು ಬಿಚ್ಚಿಹೋಗಿತ್ತು. ನಾನು ಮಧ್ಯಾಹ್ನ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಮುಗಿಸಿದ್ದಳು. ಇನ್ನೊಬ್ಬರ ಮನೆಯ ಪರದೆ ನಿನಗ್ಯಾಕೆ ಅಂದರೆ, “ಮುಂದೆ ಬರೋರೂ ಹೆಂಗಸ್ರೇ ಅಲ್ವಾ, ನೋಡಿದ್ರೆ ಹೊಟ್ಟೆ ಉರ್ಕೊಳಲ್ವಾ” ಅನ್ನುತ್ತಾಳೆ. ಅವಳ ನ್ಯಾಯ ನಿನಗೆ ಗೊತ್ತಲ್ಲ.

ಮೊನ್ನೆ ಸೋಮವಾರ ಸಂಜೆ ಸಮಾರಂಭ ಆಯಿತು. ಅದನ್ನು ಬರೆಯಬೇಕೆಂದೇ ಕೂತವನು ಇಷ್ಟು ಹೊತ್ತು ತೆಂಗಿನಕಾಯಿ, ಪರದೆ ಅಂತ ಸುತ್ತುತ್ತಿದ್ದೇನೆ. ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ನಾಲ್ಕು ಮಾತಾಡಿಸಿದರು. ಹೊನ್ನಿ ಹಸಿರು ಮೈಸೂರು ಸಿಲ್ಕ್ ಉಟ್ಟು ಮೈಕಿನ ಮುಂದೆ ನಿಂತು, ನಡುಗದೆ, ತಡವರಿಸದೆ ನಮ್ಮೂರ ಭಾಷೆಯಲ್ಲೇ ಮಾತಾಡಿದಳು. ಮಂಡ್ಯದ ಕಡೆಯ ಒಬ್ಬ ಅಧಿಕಾರಿ ಅದನ್ನು ಇಂಗ್ಲಿಷಿಗೆ ಹೇಳುತ್ತ ಹೋದರು. ಅವಳ ಮಾತು ನನಗೆ ಬಾಯಿಪಾಠ ಆಗಿಬಿಟ್ಟಿದೆ, ಹಾಗೇ ಬರೆಯುತ್ತೇನೆ.

“ನಾನು ಇಸ್ಕೂಲ್ ಮೇಡಮ್ಮಾಗ್ಬೇಕು ಅಂತ ಓದ್ದೋಳು. ನಾನೂ ನಮ್ ಯಜಮಾನ್ರೂ ಒಂದೇ ದಿನ ಹಾಸನದಲ್ಲಿ ಇಂಟರ್ವ್ಯೂಗೆ ಓಗಿದ್ವಿ. ಇಬ್ರಿಗೂ ಕೆಲ್ಸ ಸಿಗ್ನಿಲ್ಲ. ನಂಗೆ ಸಂಕ್ಟ ಆಗಿದ್ದು ಇವ್ರ ಮುಖ ನೋಡಿ. ತೌರಿಂದ ಒಂದು ಹಳೇ ಕೈಮಿಷನ್ ತಂದು ಕೂತೆ. ಎರಡ್ ವರ್ಷಕ್ಕೆ ಇವ್ರಿಗೆ ಆರ್ಡರ್ ಬಂತು, ಅವತ್ತು ಬೀದಿಗೆಲ್ಲ ನಾನೇ ಸಕ್ರೆ ಅಂಚ್ದೆ. ನಂಗೆ ಅವತ್ತು ಆ ಕೆಲ್ಸ ಸಿಕ್ಬುಟ್ಟಿದ್ರೆ ಈ ಆರ್ನೂರು ಹೆಣ್ಮಕ್ಕಳು ನಂಗೆ ಸಿಕ್ತಿರ್ನಿಲ್ಲ. ಅದ್ಕೇ, ನಂಗೆ ಕೆಲ್ಸ ಕೊಡ್ದೇ ಇದ್ದೋರ್ಗೂ ಇಲ್ಲಿಂದ್ಲೇ ಒಂದು ನಮಸ್ಕಾರ.”

ಎಲ್ಲರೂ ನಕ್ಕು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೆಮ್ಮೆಯಿಂದಲೇ ತಟ್ಟಿದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅವಳು ಕೈ ಮುಗಿದದ್ದು ಯಾರಿಗೆ ಅಂತ ಆ ಸಭೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಚಂದ್ರಯ್ಯ, ಈಗ ಹೇಳುವುದನ್ನು ಕೂತು ಓದು. 1978ರ ಆಷಾಢ. ನಮ್ಮ ಮದುವೆಯಾಗಿ ನಾಲ್ಕು ತಿಂಗಳು. ಚನ್ನರಾಯಪಟ್ಟಣದ ಬಸ್ ಸ್ಟಾಂಡ್ ಪಕ್ಕದ ಬಾಡಿಗೆ ಮನೆ. ಮೊದಲನೇ ಆಷಾಢ ಅಂತ ಹೊನ್ನಿ ಹಳೇಕೋಟೆಗೆ ತವರಿಗೆ ಹೋಗಿದ್ದಳು. ಆಗ ನಮ್ಮ ಬೀದಿಗೆ ಪೋಸ್ಟ್‌ಮ್ಯಾನ್ ಆಗಿದ್ದ ನೀನು ಸೈಕಲ್ ನಿಲ್ಲಿಸಿ ಅವಳ ಹೆಸರಿನ ರಿಜಿಸ್ಟರ್ಡ್ ಲಕೋಟೆ ತೆಗೆದೆ. “ತಂಗಿ ತೌರ್ಗೋಗವ್ಳಲ್ಲ, ನೀನೇ ಸೈನ್ ಆಕ್ಲಾ. ಗಂಡ ಎಂಡ್ತಿ ಏನ್ ಬ್ಯಾರೆನಾ?” ಅಂದೆ. ನಾನು ಸಹಿ ಹಾಕಿದೆ. ಅದು ಅವಳ ನೇಮಕದ ಆದೇಶ. ಹದಿನೈದು ದಿನದೊಳಗೆ ಹಾಜರಾಗಬೇಕು ಅಂತಿತ್ತು. ನನ್ನ ಹೆಸರಿಗೆ ಏನೂ ಬಂದಿರಲಿಲ್ಲ. ನಾಳೆ ಬರಬಹುದು, ನಾಡಿದ್ದು ಬರಬಹುದು ಅಂತ ದಿನಾ ನಿನ್ನ ಸೈಕಲ್ ಗಂಟೆಗೆ ಕಾದೆ. ನನ್ನದೂ ಬಂದಿದ್ದರೆ ಎರಡನ್ನೂ ಹಿಡಿದುಕೊಂಡು ಕುಣಿಯುತ್ತ ಹಳೇಕೋಟೆಗೆ ಹೋಗುತ್ತಿದ್ದೆ. ಬರಲಿಲ್ಲ. ಹದಿನೈದನೆಯ ದಿನ ಅವಳದನ್ನು ಹಂಡೆ ಒಲೆಗೆ ಹಾಕಿ, ಆ ನೀರಲ್ಲೇ ಸ್ನಾನ ಮಾಡಿದೆ.

ಶ್ರಾವಣಕ್ಕೆ ಬಂದವಳಿಗೆ, ಹಾಸನಕ್ಕೆ ಹೋಗಿ ಪಟ್ಟಿ ನೋಡಿ ಬಂದೆ, ಇಬ್ಬರದೂ ಇಲ್ಲ ಅಂದೆ. ಅವಳು ನನ್ನ ತಲೆ ನೇವರಿಸಿ ಸಮಾಧಾನ ಮಾಡಿದಳು. ತಂಗಿ ಯಾಕೆ ಕೆಲಸಕ್ಕೆ ಹೋಗಲಿಲ್ಲ ಅಂತ ನೀನು ಕೇಳಿದಾಗ, ಅವಳೇ ಬೇಡ ಅಂದಳು, ಆ ಮಾತು ಅವಳ ಮುಂದೆ ಎತ್ತಬೇಡ, ನೊಂದುಕೊಳ್ಳುತ್ತಾಳೆ ಅಂದೆ. ನೀನು ಒಳ್ಳೆಯವನು, ಇವತ್ತಿನವರೆಗೂ ಎತ್ತಲಿಲ್ಲ. ಹೊಟ್ಟೆಕಿಚ್ಚು ಅನ್ನುವ ಮಾತನ್ನು ನನ್ನ ಬಗ್ಗೆ ಬರೆಯಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು ನೋಡು.

ಅವಳಿಗೆ ಹೇಳಬೇಕು. ಊರಿಗೆ ಹೋದರೆ ನನ್ನಿಂದ ಆಗುವುದಿಲ್ಲ. ಅಲ್ಲಿ ಮಗಳು ರೂಪಶ್ರೀ ಇರುತ್ತಾಳೆ, ಕ್ಲಾಸಿನ ಹುಡುಗಿಯರು ಇರುತ್ತಾರೆ, ನಾನು ಮತ್ತೆ ಹೆಡ್‌ಮೇಷ್ಟ್ರಾಗಿಬಿಡುತ್ತೇನೆ. ಇಲ್ಲಿ ನಾನು ಬರೀ ಅವಳ ಗಂಡ. ನಾಡಿದ್ದು ವಿಮಾನ. ಸಮಾರಂಭ ಮುಗಿದ ಮೇಲೆ ಕಂಪನಿಯವರದು ಬೇರೆ ಕಾರ್ಯಕ್ರಮ ಇಲ್ಲ, ತಿನ್ನುವುದು, ಮಲಗುವುದು, ನೀರಿಗೆ ಇಳಿಯುವುದು. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕೆ?

ಆದರೆ ಬಾಯಿ ಬರುತ್ತಿಲ್ಲ. ನಿನ್ನೆ ಮಧ್ಯಾಹ್ನ ಧೈರ್ಯ ಮಾಡಿಕೊಂಡು ಹೋದೆ. ಅವಳು ಸೀರೆ ಸಮೇತ ಅಲೆಯ ಅಂಚಿನಲ್ಲಿ ಕಾಲು ಚಾಚಿ ಕೂತಿದ್ದಳು. ಹೊನ್ನಿ, ಒಂದು ಮಾತು ಅಂದೆ. “ಬನ್ರೀ, ನೀರೇನ್ ಕಚ್ಚಾಕಿಲ್ಲ” ಅಂತ ಕೈ ಹಿಡಿದು ಎಳೆದಳು. ನಾನು ಪಂಚೆ ಸಮೇತ ಬಿದ್ದೆ. ಅವಳು ನಕ್ಕ ನಗುವಿಗೆ ಆಚೆ ಕೂತಿದ್ದ ಕೇರಳದವರೂ ನಕ್ಕರು. ಹಾಗೆ ನಕ್ಕದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮದುವೆಯಾದ ಮೇಲೆ ಅವಳು ಕೆಲಸವಿಲ್ಲದೆ ಕೂತದ್ದೇ ಇದು ಮೊದಲ ಸಲ. ಅದನ್ನು ಕೆಡಿಸಲು ನನಗೆ ಏನು ಹಕ್ಕಿದೆ ಅಂದುಕೊಂಡು ಸುಮ್ಮನಾದೆ. ಹಕ್ಕಿನ ಮಾತು ನಾನು ಆಡುತ್ತೇನೆ, ನೋಡು! ಇದೂ ಒಂದು ನೆಪವೇ.

ಈಗ ಅವಳು ಎದುರಿಗೇ ಇದ್ದಾಳೆ. ವಿಜಯವಾಡದ ಹೆಂಗಸಿಗೆ ರವಿಕೆಯ ತೋಳು ಎಳೆಯದ ಹಾಗೆ ಕತ್ತರಿಸುವುದನ್ನು ಹಳೇ ಪೇಪರಿನಲ್ಲಿ ತೋರಿಸುತ್ತಿದ್ದಾಳೆ. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ತೆಲುಗು ಬಾರದು, ಪಾಠ ಮಾತ್ರ ಸಲೀಸಾಗಿ ನಡೆದಿದೆ. ನಾನು ಇಷ್ಟು ವರ್ಷ ಎಷ್ಟೋ ಮೇಷ್ಟ್ರುಗಳನ್ನು ನೋಡಿದ್ದೇನೆ ಚಂದ್ರಯ್ಯ. ಇವಳಂಥವರು ಇನ್ನೊಬ್ಬರಿಲ್ಲ. ಇದನ್ನು ಅವಳ ಮುಂದೆಯೂ ಹೇಳಿದ್ದೇನೆ, ನಂಬಲಿಲ್ಲ.

ನೀನು ಏನೂ ತಪ್ಪು ಮಾಡಿಲ್ಲ. ನಂಬಿ ಕೊಟ್ಟೆ, ನಾನು ನಂಬಿಕೆಗೆ ತಕ್ಕವನಾಗಿರಲಿಲ್ಲ. ಸುಬ್ಬಮ್ಮನವರಿಗೆ ನಮಸ್ಕಾರ ತಿಳಿಸು. ನಿನ್ನ ಮೊಮ್ಮಕ್ಕಳು ಚೆನ್ನಾಗಿ ಓದಲಿ, ಹೆಣ್ಣುಮಗು ಇನ್ನೂ ಒಂದು ಕೈ ಹೆಚ್ಚೇ ಓದಲಿ ಅಂತ ನನ್ನ ಆಶೀರ್ವಾದ. ಹೊನ್ನಿ ಅವರಿಗೆ ಕಪ್ಪೆಚಿಪ್ಪು ಆರಿಸಿ ಕರ್ಚೀಫಿನಲ್ಲಿ ಗಂಟು ಕಟ್ಟಿದ್ದಾಳೆ.

ನಿನ್ನ
ಕೃಷ್ಣಪ್ಪ
(ಕಾರ್ಡಿನ ಪ್ರಕಾರ: ಹೊನ್ನಮ್ಮನವರ ಗಂಡ)

ಮತ್ತೆ:

ಮದ್ರಾಸು ರೈಲ್ವೆ ಸ್ಟೇಷನ್, 21-2-2003

ಕಾಗದವನ್ನು ದ್ವೀಪದಲ್ಲೇ ಡಬ್ಬಿಗೆ ಹಾಕಬೇಕೆಂದಿದ್ದೆ, ಆಗಲಿಲ್ಲ. ಒಳ್ಳೆಯದೇ ಆಯಿತು. ಇವತ್ತು ವಿಮಾನ ಹತ್ತಿದಾಗ ಹೊನ್ನಿ ನನ್ನನ್ನು ಕೇಳದೆ ಕಿಟಕಿ ಪಕ್ಕ ಕೂತಳು. ಮದ್ರಾಸು ಬರುವವರೆಗೂ ಹೊರಗೇ ನೋಡುತ್ತಿದ್ದಳು. ನಾನು ಯಾವ ಪಾಠವನ್ನೂ ಹೇಳಲಿಲ್ಲ.

ನಿನ್ನೆ ಬೆಳಿಗ್ಗೆ ಹೇಳಿದೆ. ಹುರಿಹಿಟ್ಟು ತಿಂದು ಕೈ ತೊಳೆದಿದ್ದೆವು. ನೀನು ಲಕೋಟೆ ಕೊಟ್ಟದ್ದರಿಂದ ಹಂಡೆ ಒಲೆಯವರೆಗೆ, ಈ ಕಾಗದದಲ್ಲಿ ಬರೆದಷ್ಟನ್ನೇ, ಅವಳ ಮುಖ ನೋಡದೆ ಹೇಳಿ ಮುಗಿಸಿದೆ. ಬೈಯುತ್ತಾಳೆ, ಅಳುತ್ತಾಳೆ ಅಂತ ಕಾದೆ. ಅವಳು ಕೇಳಿದ್ದು, “ನಂಗೇ ಬಂದಿತ್ತಾ? ನಿಜ್ವಾಗ್ಲೂ ನನ್ ಎಸ್ರಿಗೇ?” ಅಂತ. ಹೌದು ಅಂದೆ. ತಲೆ ಎತ್ತಿ ನೋಡಿದರೆ ಅವಳ ಮುಖದಲ್ಲಿ ಎಂಥ ಹೆಮ್ಮೆ ಅಂತೀಯ! ಸೋಮವಾರ ವೇದಿಕೆಯ ಮೇಲೂ ಅಷ್ಟು ಇರಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿಗೆ ಆಗಲೇ ತಲುಪಬೇಕಾಗಿದ್ದ ಹೆಮ್ಮೆ ಅದು. ಸ್ವಲ್ಪ ಹೊತ್ತು ಇತ್ತು, ಆಮೇಲೆ ಇಳಿಯಿತು.

“ಚಂದ್ರಣ್ಣಂಗೆ ಗೊತ್ತಿತ್ತಾ?” ಅಂದಳು. ಇಲ್ಲ ಅಂದೆ. “ಸದ್ಯ” ಅಂದಳು.

ಇನ್ನು ಏನೂ ಕೇಳುವುದಿಲ್ಲ ಅಂದುಕೊಂಡೆ. ಅವಳು ಸೂಜಿಗೆ ದಾರ ಸುತ್ತಿ, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದಳು. ಆಮೇಲೆ ಕೇಳಿದಳು, “ಯಾವೂರ್ಗೆ ಆಕಿದ್ರು?”

ಹಿರೀಸಾವೆಗೆ ಅಂದೆ.

ಅವಳು ಡಬ್ಬಿಯನ್ನು ಚೀಲಕ್ಕೆ ಸೇರಿಸಿದಳು. ಆಮೇಲೆ, ನನಗಲ್ಲ, ತನಗೇ ಹೇಳಿಕೊಂಡ ಹಾಗೆ ಅಂದಳು:

“ಹಿರೀಸಾವೆಗೆ ನಮ್ಮನೆ ಮುಂದ್ಲಿಂದ್ಲೇ ಗಂಟೆಗೊಂದು ಬಸ್ಸಿತ್ತು.”